ಬೀಜೋಪಘಾತವೂ ಪುರುಷವಂಧ್ಯತ್ವವೂ

ಕುಂದಾಪುರಕ್ಕೆ ಬಡಗಣ ಹೆಮ್ಮಾಡಿಯ ಆಡುಮಾತಿನಲ್ಲಿಯಾಗಲಿ, ಗ್ರಂಥಸ್ಥ ಕನ್ನಡದಲ್ಲಿಯಾಗಲಿ, ಮಕ್ಕಳಿಲ್ಲದ ಹೆಂಗಸಿಗೆ ‘ಬಂಜೆ’ ಎಂಬ ಹೆಸರುಂಟು. ಇದು ‘ವಂಧ್ಯಾ’ ಶಬ್ದದ ತದ್ಭವವು. ಇದಕ್ಕೆ ಸರಿಯಾದ ಪುಲ್ಲಿಂಗರೂಪವು ರೂಢಿಯಲ್ಲಿಲ್ಲ. ‘ಷಂಡ’ನೆಂಬುದು ಬೇರೊಂದು ಕುಂದನ್ನು ಹೇಳುವ ಮಾತು. ಶಾಸ್ತ್ರಕಾರರಾದರೋ ಇಷ್ಟು ಏಕಪಕ್ಷೀಯರಾಗಿರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಎಂಟು ಬಗೆಯ ಶುಕ್ರದೋಷಗಳನ್ನು ಎಣಿಸಿ, ಪುರುಷತ್ವಹಾನಿಯ ಕಾರಣಗಳಲ್ಲಿ ‘ಬೀಜೋಪಘಾತ’ವನ್ನು ಹೆಸರಿಸಿದೆ. ಆ ಶಬ್ದದಲ್ಲಿ ಇಂದಿನ ಶೋಧನೆಗಳನ್ನು ಹುಡುಕುವುದು ಯುಕ್ತವಲ್ಲ. ಆದರೆ ದೋಷವು ಗಂಡಿನ ಬೀಜದಲ್ಲಿಯೂ ಇರಬಹುದೆಂಬ ಅರಿವು ಅಲ್ಲಿ ಸ್ಪಷ್ಟವಾಗಿದೆ.

ಹೆಮ್ಮಾಡಿಗೆ ತೆಂಕಲಾಗಿ, ಅದೇ ಉಡುಪಿ ಜಿಲ್ಲೆಗೆ ಸೇರಿದ ಮಣಿಪಾಲದ ಶೋಧಕರು 2008ರಲ್ಲಿ, ಮಕ್ಕಳಾಗದೆ ಪರೀಕ್ಷೆಗೆ ಬಂದ 7,770 ಗಂಡಸರ ಲೆಕ್ಕವನ್ನು ಪ್ರಕಟಿಸಿದರು. ಒಂದು ಮಿಲಿಲೀಟರು ವೀರ್ಯದಲ್ಲಿ ವೀರ್ಯಾಣುಗಳ ಸರಾಸರಿಯು 1993–94ರಲ್ಲಿ ಸುಮಾರು 3 ಕೋಟಿ 82 ಲಕ್ಷವಿದ್ದುದು, 2004–05ರ ವೇಳೆಗೆ 2 ಕೋಟಿ 66 ಲಕ್ಷಕ್ಕೆ ಇಳಿದಿತ್ತು. (ಇದು ಚಿಕಿತ್ಸೆಗೆ ಬಂದವರ ಲೆಕ್ಕವೇ ಹೊರತು ನಾಡಿನ ಎಲ್ಲ ಗಂಡಸರದಲ್ಲ.)

ಆದರೆ ಎಣಿಕೆಯೊಂದೇ ಸಾಲದು. ಎಣಿಕೆ, ಚಲನೆ, ಆಕಾರ ಮೂರೂ ನೆಟ್ಟಗಿದ್ದು ಗರ್ಭವು ನಿಲ್ಲದಿರುವುದುಂಟು. ವೀರ್ಯಾಣುವಿನ ತಲೆಯಲ್ಲಿ ತಂದೆಯ ಡಿ.ಎನ್.ಎ. ತಂತುಗಳು ಪ್ರೋಟಮೀನ್ ಎಂಬ ಸಸಾರಜನಕದೊಡನೆ ಬಿಗಿಯಾಗಿ ಅಡಕಗೊಂಡಿರುತ್ತವೆ. ಈ ಅಡಕವು ಸಡಿಲವಾದರೆ, ಅಥವಾ ಆಮ್ಲಜನಕದ ಉಗ್ರರೂಪಗಳ ಹಾವಳಿ ಮೀರಿದರೆ, ತಂತುಗಳು ತುಂಡಾಗುತ್ತವೆ. ಶರೀರದ ಇತರ ಜೀವಕೋಶಗಳು ಇಂಥ ಮುರಿತವನ್ನು ಬಹುಮಟ್ಟಿಗೆ ತಾವೇ ಸರಿಪಡಿಸಿಕೊಳ್ಳಬಲ್ಲವು. ವೀರ್ಯಾಣುವು ಪಕ್ವವಾಗುವಾಗ ತನ್ನ ಕೋಶರಸವನ್ನು ಹೆಚ್ಚುಕಡಮೆ ಕಳಚಿಬಿಡುವುದರಿಂದ ಅದಕ್ಕೆ ಆ ಶಕ್ತಿ ಉಳಿಯುವುದಿಲ್ಲ. ಆದಕಾರಣ ದುರಸ್ತಿಯ ಹೊರೆಯು ತಾಯಿಯ ಅಂಡದ ಪಾಲಿಗೆ ಬರುತ್ತದೆ. ಹಾನಿಯು ಅಂಡದ ಅಳವನ್ನು ಮೀರಿದರೆ ಭ್ರೂಣವು ಬೆಳೆಯದೆ ನಿಲ್ಲಬಹುದು, ಗರ್ಭವು ಇಳಿಯಬಹುದು. ಕುಂದು ತಂದೆಯ ಬೀಜದ್ದು, ಅದು ತೋರಿಕೊಳ್ಳುವುದು ತಾಯಿಯ ಒಡಲಿನಲ್ಲಿ. ‘ಬಂಜೆ’ ಎಂಬ ಹೆಸರು ಹೆಣ್ಣಿಗೇ ಅಂಟಿದುದಕ್ಕೆ ಇದೂ ಒಂದು ಕಾರಣವಿರಬೇಕು.

ಈ ಮುರಿತವನ್ನು ಅಳೆಯುವ ಉಪಾಯವನ್ನು ಎವೆನ್ಸನ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದರು: ಒಂದು ಬಗೆಯ ಬಣ್ಣವನ್ನು ಹಿಡಿಸಿದಾಗ ನೆಟ್ಟಗಿರುವ ತಂತುಗಳು ಹಸುರಾಗಿಯೂ ಕೆಟ್ಟವು ಕೆಂಪಾಗಿಯೂ ಹೊಳೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯು ಇಂಥ ಪರೀಕ್ಷೆಗಳಿಗೆ ಎಡೆಗೊಟ್ಟಿದೆ. ಆದರೆ ಎಲ್ಲರಿಗೂ ವಿಧಿಸಿಲ್ಲ.

ತಂಬಾಕಿನ ಹೊಗೆ, ಕಡುಜ್ವರ, ವೃಷಣದ ರಕ್ತನಾಳಗಳ ಉಬ್ಬರ, ಏರುವ ವಯಸ್ಸು ಇವು ಹಾನಿಯನ್ನು ಹೆಚ್ಚಿಸುತ್ತವೆ. ವೀರ್ಯವನ್ನು ಘನೀಕರಿಸಿ ಕಾಪಿಡುವಾಗಲೂ ಹಾನಿಯುಂಟು. ಘನೀಕರಣದ ದ್ರವಕ್ಕೆ ‘ಇ’ ಜೀವಸತ್ವವನ್ನು ಬೆರೆಸಿದರೆ ಅದು ತಗ್ಗುವುದೆಂದು ಮಣಿಪಾಲದವರು 2011ರಲ್ಲಿ ತೋರಿಸಿದರು. ವೀರ್ಯಾಣುವೊಂದು ಹುಟ್ಟಿ ಪಕ್ವವಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುವುದರಿಂದ, ಹೊಗೆಸೊಪ್ಪನ್ನು ಬಿಟ್ಟವನ ಬೀಜವನ್ನು ಮರಳಿ ಪರೀಕ್ಷಿಸುವುದು ಮೂರು ತಿಂಗಳು ಕಳೆದ ಮೇಲೆಯೇ.