ಬಾವಲಿಯ ರಕ್ತದಲ್ಲಿ ಸಿಕ್ಕ ಗುರುತು

ಬಾವಲಿಯ ರಕ್ತದಲ್ಲಿ ರೇಬಿಸ್ ವಿರುದ್ಧದ ಪ್ರತಿಕಾಯ ಸಿಕ್ಕಿತು ಎಂಬ ಸುದ್ದಿ ಬಂದರೆ ಸಾಕು, ಬಾವಲಿಗಳಿಗೆ ಹುಚ್ಚು ಹಿಡಿದಿದೆ ಎಂಬ ಮಾತು ಹಬ್ಬುತ್ತದೆ. ಇವೆರಡೂ ಒಂದೇ ಅಲ್ಲ. ಹಿಂದೆಂದೋ ಆ ಪ್ರಾಣಿಗೆ ವೈರಸ್ ತಾಗಿತ್ತು, ಅದರ ಮೈ ಎದುರಿಸಿ ನಿಂತಿತು ಎಂಬಷ್ಟನ್ನೇ ಪ್ರತಿಕಾಯ ಹೇಳುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಮನುಷ್ಯ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಆ ಭಯಾನಕ ಚಿತ್ರವೇ ಮನಸ್ಸಿನಲ್ಲಿ ಕೂತಿರುವುದರಿಂದ, ವೈರಸ್ ತಾಗಿಯೂ ಆರೋಗ್ಯವಾಗಿ ಹಾರಾಡುವ ಪ್ರಾಣಿ ಇರಬಹುದೆಂದು ನಮಗೆ ನಂಬಿಕೆ ಬರುವುದಿಲ್ಲ. ಬಾವಲಿಗಳಲ್ಲಿ ಇದು ನಡೆಯುತ್ತದೆ. ಮಿದುಳಿಗೆ ಸೋಂಕು ಏರಿದ ಬಾವಲಿ ಸಾಯಬಹುದು, ಆದರೆ ತಾಗಿದ ವೈರಸ್ಸೆಲ್ಲ ಮಿದುಳನ್ನು ಮುಟ್ಟುವುದಿಲ್ಲ.

ನಾಗಾಲ್ಯಾಂಡಿನಲ್ಲಿ ಜನ ಪರಂಪರೆಯಿಂದ ಬಾವಲಿ ಬೇಟೆಯಾಡುವ ಜಾಗಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಎನ್‌ಸಿಬಿಎಸ್ ಸಂಸ್ಥೆಗಳ ಸಂಶೋಧಕರು ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅಲ್ಲಿ 164 ಬಾವಲಿಗಳ ಮಿದುಳನ್ನು ಪರೀಕ್ಷಿಸಿದಾಗ ಒಂದರಲ್ಲೂ ವೈರಸ್ಸಿನ ಸುಳಿವು ಸಿಗಲಿಲ್ಲ. ಆದರೆ ರಕ್ತಸಾರದ 78 ಮಾದರಿಗಳ ಪೈಕಿ 4ರಲ್ಲಿ ವೈರಸ್ಸನ್ನು ತಡೆಯಬಲ್ಲ ಪ್ರತಿಕಾಯಗಳಿದ್ದವು. ಈ ಪ್ರತಿಕಾಯಗಳು ನಾಯಿಯಲ್ಲಿರುವ ರೇಬಿಸ್ ವೈರಸ್ಸಿನಿಂದಲೇ ಬಂದವು ಎನ್ನುವಂತೆಯೂ ಇಲ್ಲ. ಲಿಸ್ಸಾವೈರಸ್ ಎಂಬ ಕುಲದಲ್ಲಿ ರೇಬಿಸ್‌ಗೆ ದಾಯಾದಿಗಳು ಹಲವಿವೆ. ಹತ್ತಿರದ ದಾಯಾದಿ ತಾಗಿದ್ದರೂ ಪರೀಕ್ಷೆ ಅದೇ ಉತ್ತರ ಕೊಡುತ್ತದೆ. ನಮ್ಮ ತೋಪುಗಳಲ್ಲಿ ತಲೆಕೆಳಗಾಗಿ ತೂಗುವ ದೊಡ್ಡ ಹಣ್ಣು ಬಾವಲಿಯ ಜಾತಿಯಲ್ಲೇ, ಶ್ರೀಲಂಕಾದಲ್ಲಿ, ಗನ್ನೊರುವ ಎಂಬ ಹೆಸರು ಪಡೆದ ಅಂಥದೊಂದು ದಾಯಾದಿ ಪತ್ತೆಯಾಗಿದೆ.

ಹಾಗಾದರೆ ಮಿದುಳುಗಳೆಲ್ಲ ಶುದ್ಧವಾಗಿದ್ದವಲ್ಲ, ಹೆದರುವುದೇಕೆ ಎಂದು ಇನ್ನೊಂದು ಪಕ್ಷದವರು ಕೇಳಬಹುದು. ಆ ನೆಮ್ಮದಿಯೂ ಅವಸರದ್ದೇ. ನೂರಕ್ಕೆ ಒಂದು ಬಾವಲಿಗೆ ಸೋಂಕಿದ್ದರೂ 164ರಲ್ಲಿ ಒಂದೂ ಕೈಗೆ ಸಿಗದೆ ಹೋಗುವ ಸಾಧ್ಯತೆ ಐದರಲ್ಲಿ ಒಂದರಷ್ಟು ಇರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಯಾವ ಬಾವಲಿಯನ್ನು ಪರೀಕ್ಷಿಸಿದರು ಎಂಬುದು. ಬೇಟೆಗೆ ಸಿಕ್ಕುವುದು ಹೆಚ್ಚಾಗಿ ಚುರುಕಾಗಿ ಹಾರುವ ಬಾವಲಿ, ರೋಗ ಬಂದದ್ದು ಎಲ್ಲೋ ಮೂಲೆಯಲ್ಲಿ ಬಿದ್ದಿರುತ್ತದೆ. ಬ್ರಿಟನ್‌ನಲ್ಲಿ 1987ರಿಂದ ಜನ ಕಳಿಸುವ ಸತ್ತ ಬಾವಲಿಗಳನ್ನು ಸರ್ಕಾರಿ ಪ್ರಯೋಗಾಲಯ ಪರೀಕ್ಷಿಸುತ್ತ ಬಂದಿದೆ. ನೀರಿನ ಮೇಲೆ ಬೇಟೆಯಾಡುವ ಡಾಬೆಂಟನ್ ಬಾವಲಿಗಳಲ್ಲಿ ಅವರಿಗೆ ಲಿಸ್ಸಾವೈರಸ್ ಸಿಕ್ಕಿದ್ದು ಈ ದಾರಿಯಿಂದಲೇ. 2002ರಲ್ಲಿ ಸ್ಕಾಟ್ಲೆಂಡಿನ ಬಾವಲಿ ಸಂರಕ್ಷಕರೊಬ್ಬರು ಅದೇ ವೈರಸ್ಸಿಗೆ ಬಲಿಯಾದರು. ಅಪಾಯ ಅಪರೂಪ, ಆದರೆ ಸುಳ್ಳಲ್ಲ.

ಅಪಾಯ ಇದೆಯೆಂದ ಮೇಲೆ ಬಾವಲಿಗಳನ್ನು ಕೊಂದುಬಿಡಬಾರದೇಕೆ? ರಕ್ತ ಹೀರುವ ಬಾವಲಿಗಳಿರುವ ಪೆರುವಿನಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಅಲ್ಲಿನ ಗುಂಪುಗಳ ರಕ್ತವನ್ನು ವರ್ಷಗಟ್ಟಲೆ ಪರೀಕ್ಷಿಸಿದಾಗ, ಕೊಂದಲ್ಲೂ ಪ್ರತಿಕಾಯವಿರುವ ಬಾವಲಿಗಳ ಪ್ರಮಾಣ ಇಳಿದಿರಲಿಲ್ಲ. ನಮ್ಮಲ್ಲಂತೂ ರೇಬಿಸ್ ಬರುವುದು ಬಹುಪಾಲು ನಾಯಿ ಕಡಿತದಿಂದ. ಬಾವಲಿಯನ್ನು ಬರಿಗೈಯಲ್ಲಿ ಮುಟ್ಟದಿರುವುದು, ಅದು ಕಚ್ಚಿದರೆ ಗಾಯ ಕಣ್ಣಿಗೆ ಕಾಣದಷ್ಟು ಸಣ್ಣದಿದ್ದರೂ 15 ನಿಮಿಷ ಸೋಪು, ನೀರಿನಲ್ಲಿ ತೊಳೆದು ಅಂದೇ ಲಸಿಕೆಗೆ ಹೋಗುವುದು ನಮ್ಮ ಕೈಯಲ್ಲಿರುವ ಕೆಲಸ.