ಜೀವ ಉಳಿಯಿತು, ಮುಂದೇನು?

ದೊಡ್ಡ ಅಪಘಾತವಾದಾಗ ಆಸ್ಪತ್ರೆಯ ಹೊರಗೆ ಕಾದಿರುವ ಮನೆಯವರ ಮೊದಲ ಪ್ರಶ್ನೆ, "ಬದುಕುತ್ತಾರೆಯೇ?" ಎಂಬುದು. ನಾಲ್ಕು ದಿನ ಕಳೆದ ಮೇಲೆ ಪ್ರಶ್ನೆ ಬದಲಾಗುತ್ತದೆ: "ಮೊದಲಿನಂತೆ ಕೆಲಸ ಮಾಡಬಲ್ಲರೇ?" ರೋಗಿಗಳ ಭೇಟಿಗೆ ಹೋದಾಗ ಈ ಎರಡನೆಯ ಪ್ರಶ್ನೆಯನ್ನು ನಮ್ಮಲ್ಲಿಯೂ ಕೇಳುವುದುಂಟು. ವೈದ್ಯರಿಗೂ ಇದಕ್ಕೆ ಉತ್ತರ ಸುಲಭವಲ್ಲ, ಯಾಕೆಂದರೆ ಎರಡೂ ಪ್ರಶ್ನೆಗಳ ಅಳತೆಗೋಲು ಬೇರೆ ಬೇರೆ.

ಗಾಯದ ತೀವ್ರತೆಯನ್ನು ಅಂಕಗಳಲ್ಲಿ ಹೇಳುವ ಕ್ರಮವೊಂದನ್ನು 1974ರಲ್ಲಿ ಅಮೆರಿಕದ ಸೂಸಾನ್ ಬೇಕರ್ ಮತ್ತು ಸಂಗಡಿಗರು ಪ್ರಕಟಿಸಿದರು. ದೇಹವನ್ನು ಆರು ಭಾಗಗಳಾಗಿ ವಿಂಗಡಿಸಿ, ಹೆಚ್ಚು ಪೆಟ್ಟಾದ ಮೂರು ಭಾಗಗಳ ಅಂಕಗಳ ವರ್ಗವನ್ನು ಕೂಡಿಸುತ್ತಾರೆ. ಗರಿಷ್ಠ 75. ಹದಿನೈದು ದಾಟಿದರೆ ಭಾರೀ ಗಾಯವೆಂದು ಲೆಕ್ಕ. ಆದರೆ ಇದು ಮುಖ್ಯವಾಗಿ ಸಾವಿನ ಅಪಾಯವನ್ನು ಅಳೆಯಲು ಹುಟ್ಟಿದ ಲೆಕ್ಕ. ಮಾಡಿನಿಂದ ಬಿದ್ದು ಹಿಮ್ಮಡಿಯ ಮೂಳೆ ಮುರಿದುಕೊಂಡವನಿಗೆ ಸಿಗುವುದು ಕೇವಲ 4 ಅಂಕ. ಆದರೂ ಆತ ವರ್ಷಗಟ್ಟಲೆ ಕುಂಟಬಹುದು, ಏಣಿ ಹತ್ತುವ ಕೆಲಸವನ್ನೇ ಬಿಡಬೇಕಾದೀತು. ಹೊಟ್ಟೆಯೊಳಗೆ ತೀವ್ರ ಗಾಯವಾಗಿ 16 ಅಂಕ ಪಡೆದವನು ಶಸ್ತ್ರಚಿಕಿತ್ಸೆಯ ನಂತರ ಕೆಲವೇ ತಿಂಗಳಲ್ಲಿ ಕೆಲಸಕ್ಕೆ ಮರಳಲೂಬಹುದು.

ಹಾಗಾದರೆ ಮುಂದಿನ ಬದುಕಿನ ಸೂಚನೆ ಎಲ್ಲಿ ಸಿಗುತ್ತದೆ? ಅಮೆರಿಕದ 8 ಆಸ್ಪತ್ರೆಗಳಲ್ಲಿ, ಕಾಲಿಗೆ ಭೀಕರ ಪೆಟ್ಟಾದ 569 ಮಂದಿಯನ್ನು ಎರಡು ವರ್ಷ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕಾಲು ಕಳೆದುಕೊಂಡವರು, ಕಾಲು ಉಳಿಸಿಕೊಂಡವರು, ಎರಡು ವರ್ಷಗಳ ಕೊನೆಗೆ ಇಬ್ಬರ ಸ್ಥಿತಿಯೂ ಹೆಚ್ಚುಕಡಿಮೆ ಒಂದೇ! ಎರಡೂ ಗುಂಪುಗಳಲ್ಲಿ ಕೆಲಸಕ್ಕೆ ಮರಳಿದವರು ಸುಮಾರು ಅರ್ಧದಷ್ಟು ಮಾತ್ರ. ಹಿಂದೆ ಬಿದ್ದವರಲ್ಲಿ ಹೆಚ್ಚಾಗಿ ಕಂಡುಬಂದದ್ದು ಬಡತನ, ಕಡಿಮೆ ವಿದ್ಯಾಭ್ಯಾಸ, ಧೂಮಪಾನ, ತೊಡಕಾಗಿ ಪುನಃ ಆಸ್ಪತ್ರೆ ಸೇರಿದ್ದು, ಪರಿಹಾರದ ವ್ಯಾಜ್ಯ, "ನನ್ನಿಂದಾಗದು" ಎಂಬ ಭಾವನೆ ಮತ್ತು ಆಸರೆಗೆ ಜನವಿಲ್ಲದಿರುವುದು.

ಕೊನೆಯ ಮಾತು ನಮ್ಮನ್ನು ಚುಚ್ಚಿತು. ಮೊದಲ ವಾರ ಹಣ್ಣಿನ ಚೀಲ ಹಿಡಿದು ಆಸ್ಪತ್ರೆಗೆ ಸಾಲುಗಟ್ಟಿ ಹೋಗುತ್ತೇವೆ. (ಅಲ್ಲಿಯೇ ನಿಂತು "ಇನ್ನು ಇವನಿಂದ ಕೆಲಸ ಆಗಲಿಕ್ಕಿಲ್ಲ" ಎಂದು ತೀರ್ಪು ಕೊಡುವವರೂ ಇದ್ದಾರೆ.) ಮೂರನೆಯ ತಿಂಗಳಲ್ಲಿ ಮನೆಯ ಮಂಚದ ಮೇಲೆ ಆತ ಒಬ್ಬನೇ. ಇಂಥ ಅಧ್ಯಯನಗಳು ನೂರಾರು ಜನರನ್ನು ಒಟ್ಟಾಗಿ ನೋಡಿ ಬರೆದವು. ನಿರ್ದಿಷ್ಟ ಒಬ್ಬ ರೋಗಿ ಏನಾಗುತ್ತಾನೆಂದು ಖಚಿತವಾಗಿ ಹೇಳಲಾರವು.

ತಲೆಗೆ ಪೆಟ್ಟಾದವರ ಚೇತರಿಕೆಯನ್ನು ಅಳೆಯಲು 1975ರಲ್ಲಿ ಗ್ಲಾಸ್ಗೋ ನಗರದ ಜೆನೆಟ್ ಮತ್ತು ಬಾಂಡ್ ಎಂಬ ವೈದ್ಯರು ಮಾಡಿದ ಕ್ರಮ, 8 ಹಂತಗಳಿಗೆ ವಿಸ್ತಾರಗೊಂಡು, ಇಂದಿಗೂ ಬಳಕೆಯಲ್ಲಿದೆ. ಸಾಮಾನ್ಯವಾಗಿ ಆರು ತಿಂಗಳ ನಂತರ ಕೇಳುವ ಅದರ ಪ್ರಶ್ನೆಗಳು ಬಲು ಸರಳ. ಹಗಲು ಮನೆಯಲ್ಲಿ ಒಬ್ಬರೇ ಇರಬಲ್ಲರೇ? ಅಂಗಡಿಗೆ ಹೋಗಿ ಬರಬಲ್ಲರೇ? ಮೊದಲಿನ ಕೆಲಸ ಹಿಡಿದರೇ? ಮನೆಯವರೊಡನೆ ಸಿಡುಕು ಹೆಚ್ಚಾಗಿದೆಯೇ? ವಾರ್ಡಿನ ಗುರಿಕಾರರು ಭೇಟಿಗೆ ಹೋದಾಗ ಇವನ್ನೇ ಕೇಳಿ, ಉತ್ತರವನ್ನು ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ತಿಳಿಸಲು ಮನೆಯವರಿಗೆ ನೆನಪಿಸಬಹುದು.