ಹಾಸ್ಟೆಲ್ ಕೊಟ್ಟ ಅಕ್ಕತಂಗಿಯರು

ಕಳೆದ ವರ್ಷ ನಮ್ಮ ಮಗಳಿಗೆ ಮೈಸೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿದಾಗ ಮನೆಯಲ್ಲಿ ಸಂತೋಷಕ್ಕಿಂತ ಚರ್ಚೆಯೇ ಹೆಚ್ಚಾಯಿತು. "ವಯಸ್ಸಿಗೆ ಬಂದ ಹುಡುಗೀನ ಹಾಸ್ಟೆಲಿಗೆ ಬಿಡೋದಾ? ಬೆಂಗಳೂರಲ್ಲಿ ಇಲ್ಲದ ಕಾಲೇಜು ಅಲ್ಲೇನಿದೆ?" ಎಂದರು ಅತ್ತೆ. ಯಜಮಾನರು ಪೇಪರ್ ಮಡಿಸಿಟ್ಟು, "ಹಾಸ್ಟೆಲಲ್ಲಿ ಇದ್ದವಳು ನೀನು, ನೀನೇ ಹೇಳು" ಎಂದುಬಿಟ್ಟರು.

ಹೌದು, ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ. ನಮ್ಮ ಹಳ್ಳಿಯಲ್ಲಿ ಏಳನೇ ಕ್ಲಾಸಿನ ಮೇಲೆ ಶಾಲೆಯಿರಲಿಲ್ಲವಾದ್ದರಿಂದ ಕೊನೆಯ ಮೂರು ವರ್ಷ ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಊರು ಬಿಟ್ಟು ಓದಲು ಬಂದ ಗಂಡುಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹೆಣ್ಣುಮಕ್ಕಳಿಗೆ ಅದೂ ಇರಲಿಲ್ಲ. ಆಮೇಲೆ ಒಂದೊಂದು ಜಾತಿಯವರು ತಂತಮ್ಮ ಮಕ್ಕಳಿಗೆ ವಿದ್ಯಾರ್ಥಿನಿಲಯ ಕಟ್ಟಿದರು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದ 1970ರ ದಶಕದಲ್ಲಿ ಹಿಂದುಳಿದ ವರ್ಗದ ಮಕ್ಕಳ ಸರ್ಕಾರಿ ಹಾಸ್ಟೆಲುಗಳಿಗೆ ಒತ್ತು ಸಿಕ್ಕಿತು. ನಮ್ಮಂಥವರಿಗೆ ಅದೇ ಆಸರೆ.

ಒಂದು ಕಬ್ಬಿಣದ ಟ್ರಂಕು, ತಟ್ಟೆ, ಲೋಟ, ಕಂಬಳಿ ಹಿಡಿದು ಹೋದವಳು ಎಂಟು ದಿನ ಅತ್ತೆ. ಒಂಬತ್ತನೇ ದಿನ ಹತ್ತನೇ ಕ್ಲಾಸಿನ ಅಕ್ಕ ಒಬ್ಬಳು ನನ್ನನ್ನು ಎಳೆದು ಕೂರಿಸಿ ಎರಡು ಜಡೆ ಹಾಕಿ, "ನಾನು ಆರೇ ದಿನ ಅತ್ತಿದ್ದು ಕಣೇ. ನಿಂದು ಜಾಸ್ತಿಯಾಯ್ತು, ಸಾಕು ಮಾಡು" ಅಂದಳು. ನಾನು ನಕ್ಕೆ. ದೊಡ್ಡವಳಾದದ್ದೂ ಅಲ್ಲೇ. ನಮ್ಮ ಮನೆಯಲ್ಲಾಗಿದ್ದರೆ ಹೊರಗೆ ಕೂರಿಸುತ್ತಿದ್ದರು. ಅಲ್ಲಿ ಅಕ್ಕಂದಿರು ಹಳೇ ಸೀರೆ ಹರಿದು ಕೊಟ್ಟು, ಕೊಬ್ಬರಿ ಬೆಲ್ಲ ತಿನ್ನಿಸಿ, ನಡುವೆ ಮಲಗಿಸಿಕೊಂಡರು.

ಎಲ್ಲವೂ ಚೆನ್ನಾಗಿತ್ತು ಅಂತ ಹೇಳಿದರೆ ಸುಳ್ಳಾದೀತು. ಒಮ್ಮೆ ಕೊಬ್ಬರಿ ಎಣ್ಣೆ ಕದ್ದಳೆಂದು ಒಬ್ಬ ಹುಡುಗಿಯ ಜೊತೆ ನಾವೆಲ್ಲ ಒಂದು ತಿಂಗಳು ಮಾತು ಬಿಟ್ಟೆವು. ಕದ್ದವಳು ಅವಳಲ್ಲವೆಂದು ತಿಳಿಯುವ ವೇಳೆಗೆ ಅವಳು ಶಾಲೆ ಬಿಟ್ಟು ಹೋಗಿದ್ದಳು. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಗುಂಪು ಒಬ್ಬರನ್ನು ಒಳಗೆ ಕರೆದುಕೊಂಡಷ್ಟೇ ಸುಲಭವಾಗಿ ಹೊರಗೂ ಹಾಕುತ್ತದೆ.

ಅಮೆರಿಕದ ಕಾಲೇಜುಗಳಲ್ಲಿ 'ಸೊರಾರಿಟಿ' ಎಂಬ ಹೆಣ್ಣುಮಕ್ಕಳ ಸಂಘಗಳಿವೆ. ಲ್ಯಾಟಿನ್ನಿನಲ್ಲಿ 'ಸೊರೊರ್' ಅಂದರೆ ಸಹೋದರಿ. ನಮ್ಮ ಎಷ್ಟೋ ಊರುಗಳ 'ಅಕ್ಕನ ಬಳಗ'ದ ಹೆಸರಿನಲ್ಲಿರುವುದೂ ಅದೇ ಅರ್ಥ ಅಲ್ಲವೇ? 1870ರಲ್ಲಿ ಇಂಡಿಯಾನಾದ ಒಂದು ಕಾಲೇಜಿನ ನಾಲ್ವರು ಹುಡುಗಿಯರು ಇಂಥದ್ದೊಂದು ಸಂಘ ಕಟ್ಟಿದರು. 1908ರಲ್ಲಿ ಹೊವಾರ್ಡ್ ವಿಶ್ವವಿದ್ಯಾನಿಲಯದ ಕಪ್ಪು ಹೆಣ್ಣುಮಕ್ಕಳು ತಮ್ಮದೇ ಸಂಘ ಮಾಡಿಕೊಂಡರು. ಅಮೆರಿಕದ ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಅದರ ಸದಸ್ಯೆ. ಎಷ್ಟೋ ಕಡೆ ಈ ಹುಡುಗಿಯರು ಒಂದೇ ಮನೆಯಲ್ಲಿ ವಾಸಿಸುತ್ತಾರೆ. ಕಾಲೇಜು ಮುಗಿದರೂ ನಂಟು ಬಿಡುವುದಿಲ್ಲ. ಆದರೆ ಅಲ್ಲಿ ಯಾರನ್ನು ಸೇರಿಸಿಕೊಳ್ಳಬೇಕೆಂದು ಸದಸ್ಯೆಯರೇ ಆರಿಸುತ್ತಾರೆ.

ನಮ್ಮಲ್ಲಿ ಆರಿಸುವ ಮಾತೇ ಇರಲಿಲ್ಲ. ವಾರ್ಡನ್ ಬರೆದ ಪಟ್ಟಿಯಂತೆ ನನ್ನ ಪಕ್ಕಕ್ಕೆ ಹಾಸಿಗೆ ಹಾಸಿದವಳು, ನಾನು ನನ್ನ ಊರಿನಲ್ಲೇ ಇದ್ದಿದ್ದರೆ ಯಾರ ಮನೆಯ ಹೊಸ್ತಿಲು ತುಳಿಯಲು ಬಿಡುತ್ತಿರಲಿಲ್ಲವೋ ಅಂಥ ಮನೆಯ ಹುಡುಗಿ. ಒಂದೇ ಪಾತ್ರೆಯ ಮುದ್ದೆ, ಒಂದೇ ಸಾರು ಉಂಡೆವು. ಆಮೇಲೆ ನನಗೆ ಮದುವೆಯಾಯಿತು, ಅವಳು ಓದಿ ನರ್ಸ್ ಆದಳು. ನನ್ನ ಎರಡನೇ ಹೆರಿಗೆಯ ಹೊತ್ತಿಗೆ ಅಮ್ಮ ತೀರಿಕೊಂಡಿದ್ದರು. ವಿಷಯ ತಿಳಿದು, ರಜೆ ಹಾಕಿ ಇಟ್ಟಮಡುವಿನ ನಮ್ಮ ಮನೆಗೆ ಬಂದು ಹದಿನೈದು ದಿನ ಬಾಣಂತನ ಮಾಡಿದವಳು ಅವಳೇ. ಮೊದಲು ಮುಖ ಗಂಟಿಕ್ಕಿದ್ದ ಅತ್ತೆ, ಅವಳು ಹೊರಡುವ ದಿನ ಕರೆದು ಅರಿಶಿನ ಕುಂಕುಮ, ರವಿಕೆ ಕಣ ಕೊಟ್ಟು ಕಣ್ಣೊರೆಸಿಕೊಂಡರು.

ಈಗ ನಮ್ಮ ಬೀದಿಯಲ್ಲೂ ಪಿ.ಜಿ.ಗಳಾಗಿವೆ. ಹಾವೇರಿ, ಬಳ್ಳಾರಿ, ಹಾಸನ ಎಲ್ಲೆಲ್ಲಿಂದಲೋ ಬಂದ ಹುಡುಗಿಯರು. ಒಂದು ರಾತ್ರಿ ಪಕ್ಕದ ಪಿ.ಜಿ.ಯ ಹುಡುಗಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಆಂಟಿ, ನನ್ನ ರೂಮ್‌ಮೇಟಿಗೆ ಜ್ವರ. ಸ್ವಲ್ಪ ಗಂಜಿ ಮಾಡಿಕೊಡ್ತೀರಾ?" ಇಬ್ಬರ ಪರಿಚಯ ಮೂರು ವಾರದ್ದಂತೆ. ಎಲ್ಲೋ ಕೂತ ಆ ತಾಯಿ ಇದನ್ನು ನೋಡಿದ್ದರೆ ನೆಮ್ಮದಿಯಿಂದ ಮಲಗುತ್ತಿದ್ದಳು ಅನ್ನಿಸಿತು.

ಆದ್ದರಿಂದ ಸೋದರಿಯರೇ, ಮಗಳನ್ನು ಬಿಡಲು ಹೋದಾಗ ನೀರು, ಬೀಗ, ಬಾತ್‌ರೂಮು ನೋಡಿ, ಖಂಡಿತ ನೋಡಿ. ಜೊತೆಗೆ ಒಂದು ಗಂಟೆ ಅಲ್ಲೇ ಕೂತು, ಹುಡುಗಿಯರು ಒಟ್ಟಿಗೆ ಕೂತು ಉಣ್ಣುತ್ತಾರೋ, ತಟ್ಟೆ ಹಿಡಿದು ತಂತಮ್ಮ ಮೂಲೆ ಸೇರುತ್ತಾರೋ ನೋಡಿ. ಪಕ್ಕದ ಮಂಚದವಳ ಹೆಸರು, ಊರು ಕೇಳಿ. ಜಾತಿ ಕೇಳಬೇಡಿ. ತಿಂಡಿ ಕಟ್ಟುವಾಗ ಅವಳಿಗೂ ಸೇರಿಸಿ ಕಟ್ಟಿ. ಒಂಟಿಯಾಗಿ ಕೂತ ಹುಡುಗಿಯನ್ನು ಮಾತಾಡಿಸಬೇಕೆಂದು ಮಗಳಿಗೆ ಹೇಳಿ.

ಆ ದಿನ ಇಷ್ಟನ್ನೂ ಅತ್ತೆಗೆ ಹೇಳಲಿಲ್ಲ. "ನನ್ನ ಬಾಣಂತನ ಮಾಡಿದವಳು ಹಾಸ್ಟೆಲಿನಲ್ಲೇ ಸಿಕ್ಕಿದವಳು, ಅಮ್ಮಾ" ಎಂದೆ ಅಷ್ಟೇ. ಅವರು ಏನೂ ಹೇಳದೆ ಎದ್ದು ಹೋದರು. ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಕಡಲೆಬೇಳೆ ಹುರಿಯುವ ವಾಸನೆ ಬಂತು. ಹೋಗಿ ನೋಡಿದರೆ ಚಟ್ನಿಪುಡಿ ಮಾಡುತ್ತಿದ್ದರು, ಎರಡು ಡಬ್ಬಿ.

"ಎರಡು ಯಾಕಮ್ಮಾ?" ಅಂದೆ.

"ಇನ್ನೊಂದು ಪಕ್ಕದ ಮಂಚದವಳಿಗೆ" ಅಂದರು.